ಇನ್ನೂ ಮೂರು ಬಾಕಿ ಇರುವಾಗಲೇ ನಿಲ್ಲಿಸಿ

(ಮನೆಯಲ್ಲೇ ಸ್ಟ್ರೆಂತ್ ಟ್ರೇನಿಂಗ್ ಶುರು ಮಾಡಬೇಕು ಅಂತಿರುವವರ ಮುಂದೆ ಆಡಿದ ಮಾತು ಇದು. ಬರೆಯುವಾಗ ತಡವರಿಕೆ, ಕೆಮ್ಮು, ಎರಡು ಕೆಟ್ಟ ಜೋಕು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ಊರಿರಲಿ. ಈಗ ಕುರ್ಚಿ ಹಿಡಿಯದೆ, ಮಂಡಿಗೆ ಕೈ ಕೊಡದೆ ಎದ್ದು ನಿಲ್ಲಿ. ಕೂತ್ಕೊಳ್ಳಿ. ಧೊಪ್ಪನೆ ಅಲ್ಲ, ನಿಧಾನವಾಗಿ, ಕುರ್ಚಿಗೆ ಗೊತ್ತೇ ಆಗದ ಹಾಗೆ. ಇನ್ನೊಮ್ಮೆ. ಐದು ಸಲ ಮಾಡೋಣ.

ಆಯ್ತಾ? ಕೆಲವರು ನಗುತ್ತಿದ್ದೀರಿ. ಕೆಲವರು ಪಕ್ಕದವರು ಎಷ್ಟು ಮಾಡಿದರು ಅಂತ ನೋಡುತ್ತಿದ್ದೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ಮೂರಕ್ಕೇ ನಿಲ್ಲಿಸಿ ನೀರಿನ ಬಾಟಲಿ ತೆಗೆದರು, ನಾನು ನೋಡಿದೆ. ಬೇಜಾರಿಲ್ಲ. ನೀವು ಈಗ ಮಾಡಿದ್ದೇ ಸ್ಟ್ರೆಂತ್ ಟ್ರೇನಿಂಗ್. ವಯಸ್ಸಾದವರ ಕಾಲಿನ ಬಲ ಅಳೆಯಲು ಇದನ್ನೇ ಒಂದು ಪರೀಕ್ಷೆಯಾಗಿ ಬಳಸುತ್ತಾರೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಹೀಗೆ ಎದ್ದು ಕೂರುತ್ತೀರಿ ಅಂತ ಎಣಿಸುತ್ತಾರೆ. ಹಾಗಾಗಿ ಶುರು ಮಾಡುವುದು ಹೇಗೆ ಅನ್ನುವ ಪ್ರಶ್ನೆ ಇಲ್ಲಿಗೇ ಮುಗಿಯಿತು. ನೀವು ಶುರು ಮಾಡಿ ಆಯಿತು. ಮೂರನೇ ವಾರವೂ ಇದನ್ನು ಮಾಡುತ್ತಿರುತ್ತೀರಾ ಅನ್ನುವುದು ಬೇರೆ ಪ್ರಶ್ನೆ. ನನಗೆ ಹೇಳಲು ಇರುವುದೆಲ್ಲ ಅದರ ಬಗ್ಗೆಯೇ.

ನಾನು ಟ್ರೇನರ್ ಅಲ್ಲ, ಡಾಕ್ಟರೂ ಅಲ್ಲ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಸೂಟ್‌ಕೇಸ್ ಹಿಡಿದು ಎರಡು ಮಹಡಿ ಹತ್ತಿದೆ. ಮೇಲೆ ಹೋದ ಮೇಲೆ ಬಾಗಿಲಿನ ಬೀಗಕ್ಕೆ ಕೀ ಹಾಕಲು ಕೈ ನಿಲ್ಲುತ್ತಿಲ್ಲ, ನಡುಗುತ್ತಿದೆ. ಅವತ್ತು ರಾತ್ರಿಯೇ ಜ್ಞಾನೋದಯ ಆಯಿತು. ಮೊಬೈಲಿನಲ್ಲಿ 30 ದಿನದ ಚಾಲೆಂಜ್ ಅಂತ ಒಂದು ವಿಡಿಯೋ ಸಿಕ್ಕಿತು. ಮೊದಲ ದಿನವೇ 100 ಬಸ್ಕಿ. ಹೊಡೆದೆ. ಹೊಡೆದು ಮುಗಿಸಿ ಕನ್ನಡಿ ಮುಂದೆ ನಿಂತು ತೋಳು ಬೇರೆ ನೋಡಿಕೊಂಡೆ, ಬಸ್ಕಿಗೂ ತೋಳಿಗೂ ಏನು ಸಂಬಂಧವೋ ದೇವರಿಗೇ ಗೊತ್ತು. ಮಾರನೇ ದಿನ ಸ್ವಲ್ಪ ಬಿಗಿತ. ಅದರ ಮಾರನೇ ದಿನ ಮೆಟ್ಟಿಲು ಇಳಿಯಲು ಹಿಮ್ಮುಖವಾಗಿ ತಿರುಗಬೇಕಾಯಿತು. ಟಾಯ್ಲೆಟ್ಟಿನಲ್ಲಿ ಕೂರುವುದು ಹೇಗಿತ್ತು ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ. ಚಾಲೆಂಜ್ ಎರಡನೇ ದಿನಕ್ಕೇ ಮುಗಿಯಿತು. ನನ್ನ ದೇಹ ಇದಕ್ಕೆಲ್ಲ ಅಲ್ಲ ಅಂತ ತೀರ್ಮಾನ ಮಾಡಿ ಎಂಟು ತಿಂಗಳು ಸುಮ್ನೆ ಇದ್ದೆ.

ಆ ಎಂಟು ತಿಂಗಳು ಹೋಗಿದ್ದು ಸೋಮಾರಿತನದಿಂದ ಅಲ್ಲ, ಮೊದಲ ದಿನದ ಅತಿ ಉತ್ಸಾಹದಿಂದ. ನಾನು ನೋಡಿದ ಮಟ್ಟಿಗೆ ಹೊಸಬರು ಬಿಟ್ಟುಬಿಡುವುದು ಹೆಚ್ಚಾಗಿ ಹೀಗೇ. ಆಲಸಿಗಳಿಗಿಂತ ಹುರುಪಿನವರೇ ಮೊದಲು ಮಾಯವಾಗುತ್ತಾರೆ.

ಆ ನೋವಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಎಲ್ಲರೂ ಅದನ್ನು ತಪ್ಪಾಗಿ ತಿಳಿದುಕೊಂಡಿರುತ್ತಾರೆ. ಅದು ಲ್ಯಾಕ್ಟಿಕ್ ಆಸಿಡ್ ಅಲ್ಲ. ವ್ಯಾಯಾಮದ ಹೊತ್ತಿನಲ್ಲಿ ಸೇರುವ ಲ್ಯಾಕ್ಟೇಟ್, ಅಂದರೆ ಆ ಆಸಿಡ್ ರಕ್ತದಲ್ಲಿರುವ ರೂಪ, ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಡುತ್ತದೆ. ಈ ನೋವು ಬರುವುದೇ ಮಾರನೇ ದಿನ, ಜೋರಾಗುವುದು ಒಂದರಿಂದ ಮೂರು ದಿನದೊಳಗೆ. ರೂಢಿಯಿಲ್ಲದ ಕೆಲಸ ಮಾಡಿದಾಗ, ಅದರಲ್ಲೂ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುವಾಗ, ಅಂದರೆ ಬಸ್ಕಿಯಲ್ಲಿ ಕೆಳಗೆ ಇಳಿಯುವಾಗ, ಬೆಟ್ಟ ಇಳಿಯುವಾಗ, ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ಆಮೇಲೆ ರಿಪೇರಿ ನಡೆಯುತ್ತದೆ, ಊತ, ನೋವು. ಒಂದು ಒಳ್ಳೆಯ ಸುದ್ದಿ: ಅದೇ ಕೆಲಸವನ್ನು ವಾರದ ಮೇಲೆ ಮತ್ತೆ ಮಾಡಿದರೆ ನೋವು ತುಂಬಾ ಕಮ್ಮಿ. ದೇಹ ಬೇಗ ಕಲಿಯುತ್ತದೆ. ಹಾಗಾಗಿ "ನಿನ್ನೆ ಮಾಡಿದ್ದು ಇವತ್ತು ನೋಯ್ತಿಲ್ಲ, ಅಂದ್ರೆ ಕೆಲಸ ಮಾಡ್ತಿಲ್ಲ" ಅನ್ನುವ ಲೆಕ್ಕ ಸುಳ್ಳು. ನೋವು ಹೊಸತನದ ಗುರುತು, ಪ್ರಗತಿಯ ಗುರುತಲ್ಲ.

ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ರೂಢಿಯಿಲ್ಲದೆ ವಿಪರೀತ ಮಾಡಿದ ಮೇಲೆ ಸಿಕ್ಕಾಪಟ್ಟೆ ನೋವು, ಊತ, ಜೊತೆಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಆಗುವ ಸ್ಥಿತಿ ಅದು. ಅಪರೂಪ. ಆದರೆ ಮೊದಲ ದಿನವೇ 100, 200 ಹೊಡೆಯುವ ಶೂರರಿಗೇ ಅದು ಬರುವುದು.

ಇದೆಲ್ಲ ಯಾಕೆ ಬೇಕು, ನಾವು ದಿನಾ ವಾಕಿಂಗ್ ಮಾಡ್ತೀವಲ್ಲ ಅಂತ ಕೇಳುತ್ತೀರಿ. ಮಾಡಿ, ಬಿಡಬೇಡಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಎರಡು ಬೇರೆ ಬೇರೆ ಸಾಲುಗಳಿವೆ. ಒಂದು, ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಬಿರುಸಿನ ನಡಿಗೆ ಇದರಲ್ಲಿ ಬರುತ್ತದೆ. ಇನ್ನೊಂದು, ವಾರಕ್ಕೆ ಎರಡು ದಿನವಾದರೂ ಎಲ್ಲ ಮುಖ್ಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೊದಲನೇ ಸಾಲು ಎಲ್ಲರಿಗೂ ಗೊತ್ತು. ಎರಡನೇ ಸಾಲನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಅದರಲ್ಲಿ ತೋಳಿಗೆ, ಬೆನ್ನಿಗೆ, ಎದೆಗೆ ಏನು ಕೆಲಸ ಇದೆ ಹೇಳಿ. ಸಮತಟ್ಟು ರಸ್ತೆಯಲ್ಲಿ ತೊಡೆಗೂ ಅಷ್ಟೇನಿಲ್ಲ.

ವಯಸ್ಸಾಯ್ತು ಅನ್ನುವವರಿಗೆ ಒಂದು ಕತೆ. ಕತೆ ಅಲ್ಲ, ನಡೆದದ್ದು. 1990ರಲ್ಲಿ ಅಮೆರಿಕದಲ್ಲಿ ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ ಮತ್ತು ಅವರ ತಂಡ ವೃದ್ಧರ ಆರೈಕೆ ಮನೆಯೊಂದರಲ್ಲಿದ್ದ 10 ಜನರಿಗೆ ಎಂಟು ವಾರ ತೊಡೆಯ ಬಲದ ತರಬೇತಿ ಕೊಟ್ಟಿದ್ದನ್ನು ಪ್ರಕಟಿಸಿತು. ಅವರ ಸರಾಸರಿ ವಯಸ್ಸು 90. ಸುಮ್ನೆ ಕೈಕಾಲು ಆಡಿಸಿದ್ದಲ್ಲ, ಅವರವರ ಶಕ್ತಿಗೆ ತಕ್ಕ ಹಾಗೆ ನಿಜವಾದ ಭಾರವನ್ನೇ ಎತ್ತಿಸಿದರು. 9 ಜನ ಮುಗಿಸಿದರು. ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು, ಅಂದರೆ ಸುಮಾರು ಎರಡೂಮುಕ್ಕಾಲು ಪಟ್ಟು. ಇಬ್ಬರು ಊರುಗೋಲು ಬಿಟ್ಟರು. ನನಗೆ ಅದಕ್ಕಿಂತ ಇಷ್ಟವಾಗಿದ್ದು ಇನ್ನೊಂದು: ಕೈ ಊರದೆ ಕುರ್ಚಿಯಿಂದ ಏಳಲು ಆಗದೇ ಇದ್ದ ಮೂವರಲ್ಲಿ ಒಬ್ಬರು ಕೊನೆಗೆ ಎದ್ದರು. ನೀವು ಈಗ ಐದು ಸಲ ಮಾಡಿದ್ದು ಅದನ್ನೇ.

ಸರಿ, ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ವ್ಯಾಯಾಮದ ಹೆಸರುಗಳು ನೂರಾರಿವೆ. ಮರೆತುಬಿಡಿ. ದೇಹ ಮಾಡುವ ದೊಡ್ಡ ಕೆಲಸ ಐದು: ಕೂತು ಏಳುವುದು, ಸೊಂಟದಿಂದ ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಪ್ರತಿಯೊಂದಕ್ಕೂ ಒಂದೊಂದು ವ್ಯಾಯಾಮ ಇದ್ದರೆ ಆಯಿತು.

ಕೂತು ಏಳುವುದನ್ನು ಮಾಡಿಯಾಯಿತು. ಕುರ್ಚಿಯೇ ಸಾಕು. ಸುಲಭ ಅನ್ನಿಸಿದ ದಿನ ಕೂರದೆ, ಕುರ್ಚಿಗೆ ಮುಟ್ಟಿಸಿ ಏಳಿ. ಮಂಡಿ ಒಳಗಡೆಗೆ ವಾಲದಿರಲಿ, ಪಾದದ ಬೆರಳು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಹೋಗಲಿ. ಮಂಡಿ ಕಾಲ್ಬೆರಳು ದಾಟಿ ಮುಂದೆ ಹೋಗಲೇಬಾರದು ಅಂತ ಒಂದು ಹಳೇ ನಿಯಮ ಹೇಳುತ್ತಾರೆ. ಮೆಟ್ಟಿಲು ಇಳಿಯುವಾಗ ದಿನಾ ದಾಟುತ್ತಲೇ ಇರುತ್ತದೆ, ಏನೂ ಆಗುವುದಿಲ್ಲ.

ಬಾಗುವುದು ಸ್ವಲ್ಪ ಸೂಕ್ಷ್ಮ. ನಾವು ನೆಲದಿಂದ ಏನಾದರೂ ಎತ್ತುವಾಗ ಬೆನ್ನನ್ನು ಬಿಲ್ಲು ಮಾಡುತ್ತೇವೆ, ಸೊಂಟದ ಕೀಲನ್ನು ಬಳಸುವುದೇ ಇಲ್ಲ. ಇದಕ್ಕೆ ಗೋಡೆಯೇ ಗುರು. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ಮುಂದೆ ನಿಂತುಕೊಳ್ಳಿ. ಮಂಡಿ ತುಸು ಮಡಚಿ, ಬೆನ್ನು ನೆಟ್ಟಗಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಮುಟ್ಟಿಸಿ. ಕಾರಿನ ಬಾಗಿಲನ್ನು ಕೈ ತುಂಬಾ ಸಾಮಾನಿದ್ದಾಗ ಹೇಗೆ ಮುಚ್ಚುತ್ತೀರೋ ಹಾಗೆ. ತೊಡೆಯ ಹಿಂಭಾಗ ಎಳೆದ ಹಾಗೆ ಆದರೆ ಸರಿಯಾಗಿದೆ ಅಂತ ಅರ್ಥ. ಅದು ಬಂದ ಮೇಲೆ ಎದೆಗೆ ಒಂದು ಬ್ಯಾಗ್ ಅಪ್ಪಿಕೊಂಡು ಮಾಡಿ.

ತಳ್ಳುವುದು ಅಂದರೆ ಪುಶ್ ಅಪ್. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ನನಗೆ ತುಂಬಾ ಉಪಯೋಗಕ್ಕೆ ಬಂದ ಲೆಕ್ಕ. ನೆಲದ ಮೇಲೆ ಮಾಡುವ ಮಾಮೂಲಿ ಪುಶ್ ಅಪ್‌ನಲ್ಲಿ ಕೈಗಳ ಮೇಲೆ ಬೀಳುವುದು ದೇಹದ ತೂಕದ ಸುಮಾರು 64 ಶೇಕಡಾ. 60 ಕೆಜಿ ತೂಕದವರಿಗೆ 38 ಕೆಜಿ. ಹೊಸಬರಿಗೆ 38 ಕೆಜಿ ಡಂಬೆಲ್ ಕೊಟ್ಟು ಎತ್ತು ಅಂದರೆ ಯಾರಾದರೂ ಒಪ್ಪುತ್ತಾರಾ? ಆದರೆ ಪುಶ್ ಅಪ್ ಬರಲಿಲ್ಲ ಅಂತ ಮಾತ್ರ ಎಲ್ಲರಿಗೂ ನಾಚಿಕೆ. ಮಂಡಿ ಊರಿದರೆ ಅದು ಸುಮಾರು 49 ಶೇಕಡಾಕ್ಕೆ ಇಳಿಯುತ್ತದೆ. ಕೈಗಳನ್ನು ಒಂದು ಅಡಿ ಎತ್ತರದ ಮೇಲೆ ಇಟ್ಟರೆ 55, ಎರಡು ಅಡಿ ಎತ್ತರದ ಮೇಲೆ ಇಟ್ಟರೆ 41. ಗೋಡೆಗೆ ಕೈ ಇಟ್ಟರೆ ಇನ್ನೂ ಕಮ್ಮಿ. ಅಂದರೆ ನಿಮ್ಮ ಮನೆಯಲ್ಲಿ ಗೋಡೆ, ಅಡುಗೆಕಟ್ಟೆ, ಮಂಚದ ಅಂಚು, ಒಂದು ಮೆಟ್ಟಿಲು, ನೆಲ, ಇಷ್ಟು ಇದ್ದರೆ ಐದು ತೂಕದ ಡಂಬೆಲ್ ಇದ್ದ ಹಾಗೆ. ಗೋಡೆಯಿಂದ ಶುರು ಮಾಡಿ ಒಂದೊಂದೇ ಎತ್ತರ ಇಳಿಯುತ್ತಾ ಬನ್ನಿ. ನಾನು ಅಡುಗೆಕಟ್ಟೆಯಿಂದ ನೆಲಕ್ಕೆ ಬರಲು ಐದು ತಿಂಗಳು ತೆಗೆದುಕೊಂಡೆ. ನೆಲದ ಮೇಲೆ ಮೊದಲ ಪುಶ್ ಅಪ್ ಆದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರೂ ಟಿವಿ ಬಿಟ್ಟು ಬರಲಿಲ್ಲ.

ನನಗೆ ಮಂಡಿ ಊರಿ ಮಾಡುವುದಕ್ಕಿಂತ ಕೈ ಎತ್ತರದಲ್ಲಿಟ್ಟು ಮಾಡುವುದೇ ಸರಿ ಅನ್ನಿಸುತ್ತದೆ. ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಹಲಗೆಯ ಹಾಗೆ ಇರುವುದು ಮೊದಲ ದಿನದಿಂದಲೇ ರೂಢಿಯಾಗುತ್ತದೆ. ಜೊತೆಗೆ ಹೊಟ್ಟೆಗೂ ಕೆಲಸ ಸಿಗುತ್ತದೆ.

ಎಳೆಯುವುದೇ ಮನೆಯಲ್ಲಿ ತಲೆನೋವು. ನೆಲವನ್ನು ತಳ್ಳಬಹುದು, ಎಳೆಯಲು ಆಗಲ್ಲ ಅಲ್ವಾ. ಅದಕ್ಕೇ ಮನೆಯಲ್ಲಿ ವ್ಯಾಯಾಮ ಮಾಡುವವರು ವರ್ಷಗಟ್ಟಲೆ ಪುಶ್ ಅಪ್ ಹೊಡೆದು ಎದೆ ಬಿಗಿ ಮಾಡಿಕೊಳ್ಳುತ್ತಾರೆ, ಬೆನ್ನಿಗೆ ಏನೂ ಇರುವುದಿಲ್ಲ. ದಿನವಿಡೀ ಮುಂದೆ ಬಾಗಿ ಕೂರುವ ನಮ್ಮಂಥವರು ಬೆನ್ನಿಗೆ ಕೆಲಸ ಕೊಡಲೇಬೇಕು. ಸುಲಭದ ದಾರಿ: ಬೆನ್ನಿಗೆ ಹಾಕುವ ಒಂದು ಗಟ್ಟಿ ಬ್ಯಾಗ್ ತೆಗೆದುಕೊಳ್ಳಿ. ಒಂದು ಕೈ ಕುರ್ಚಿಯ ಮೇಲೆ ಊರಿ, ಆಗಲೇ ಹೇಳಿದ ಹಾಗೆ ಸೊಂಟದಿಂದ ಬಾಗಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಸೊಂಟದ ಪಕ್ಕಕ್ಕೆ ಎಳೆಯಿರಿ. ಮೊಣಕೈ ಹಿಂದಕ್ಕೆ ಹೋಗಲಿ, ಭುಜ ಕಿವಿಯ ಕಡೆ ಏರದಿರಲಿ. ಬ್ಯಾಗಿನೊಳಗೆ ನೀರಿನ ಬಾಟಲಿ ಇಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ತಕ್ಕಡಿಯೇ ಬೇಡ. ರಬ್ಬರಿನ ರೆಸಿಸ್ಟೆನ್ಸ್ ಬ್ಯಾಂಡ್ ಇದ್ದರೆ ಅದೂ ಆಗುತ್ತದೆ. ಅದನ್ನು ಬಾಗಿಲಿಗೆ ಸಿಕ್ಕಿಸುವಾಗ, ನೀವು ಎಳೆದಷ್ಟೂ ಬಾಗಿಲು ಮುಚ್ಚಿಕೊಳ್ಳುವ ಕಡೆಯಲ್ಲಿ ನಿಂತುಕೊಳ್ಳಿ. ತೆರೆದುಕೊಳ್ಳುವ ಕಡೆ ನಿಂತು ಎಳೆದರೆ ಏನಾಗುತ್ತದೆ ಅಂತ ನನ್ನ ಹಣೆಯ ಮೇಲಿನ ಈ ಗುರುತು ಹೇಳುತ್ತದೆ.

ಹೊತ್ತು ನಡೆಯುವುದಕ್ಕೆ ವಿವರಣೆ ಬೇಕಿಲ್ಲ. ಎರಡು ಕೈಯಲ್ಲಿ ಎರಡು ಭಾರದ ಚೀಲ, ನೆಟ್ಟಗೆ ನಿಂತು, ಮನೆಯೊಳಗೇ ಅರ್ಧ ನಿಮಿಷ ನಡೆಯಿರಿ. ಹಿಡಿತದ ಬಲವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. 2015ರಲ್ಲಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮೇಲಿನ ಒಂದು ದೊಡ್ಡ ಅಧ್ಯಯನ ಬಂತು. ಮುಂದಿನ ವರ್ಷಗಳಲ್ಲಿ ಯಾರು ಸಾಯುವ ಸಾಧ್ಯತೆ ಹೆಚ್ಚು ಅಂತ ಹೇಳುವುದರಲ್ಲಿ ಬಿಪಿಯ ಮೇಲಿನ ಅಂಕಿಗಿಂತ ಕೈಹಿಡಿತದ ಬಲವೇ ಮುಂದಿತ್ತು. ಹಾಗಂತ ಅಂಗೈಯಲ್ಲಿ ಸ್ಪ್ರಿಂಗ್ ಒತ್ತುತ್ತಾ ಕೂತರೆ ಆಯಸ್ಸು ಹೆಚ್ಚುತ್ತದೆ ಅಂತ ಅಲ್ಲ. ಹಿಡಿತ ಅನ್ನುವುದು ಇಡೀ ಮೈಯ ಸ್ಥಿತಿ ಹೇಳುವ ಒಂದು ಮೀಟರ್, ಅಷ್ಟೇ.

ಇನ್ನು ಎಷ್ಟು ಮಾಡಬೇಕು? ಇವತ್ತು ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಂಡು ಹೋಗುವುದಾದರೆ ಅದು ಇದಾಗಿರಲಿ. ಪ್ರತಿ ವ್ಯಾಯಾಮವನ್ನೂ ಇನ್ನೂ ಮೂರು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಹತ್ತು ಮಾಡಿದ ಮೇಲೆ ಬಲವಂತವಾಗಿ ಹದಿಮೂರಕ್ಕೆ ಮುಟ್ಟಬಹುದು ಅನ್ನಿಸಿತಾ, ಹತ್ತಕ್ಕೆ ಸಾಕು. ಜಿಮ್ಮಿಗೆ ಹೋಗುವವರ ನಡುವೆ ಇದಕ್ಕೆ ರೆಪ್ಸ್ ಇನ್ ರಿಸರ್ವ್ ಅನ್ನುತ್ತಾರೆ, ಉಳಿಕೆ ಅಂದುಕೊಳ್ಳಿ. ಎರಡು ಗುರುತು ಹೇಳುತ್ತೇನೆ. ನೀವು ಬೇಡ ಅಂದರೂ ಏಳುವ ವೇಗ ತಾನಾಗೇ ನಿಧಾನ ಆಗತೊಡಗುತ್ತದೆ. ಇಲ್ಲವೇ ಆಕಾರ ಕೆಡುತ್ತದೆ, ಬೆನ್ನು ಬಾಗುತ್ತದೆ, ಭುಜ ಏರುತ್ತದೆ. ಎರಡರಲ್ಲಿ ಯಾವುದು ಬಂದರೂ ಆ ಸೆಟ್, ಅಂದರೆ ನಡುವೆ ಬಿಡುವಿಲ್ಲದೆ ಮಾಡುವ ಒಂದು ಸರದಿ, ಮುಗಿಯಿತು.

ಇಷ್ಟು ಕಮ್ಮಿಗೆ ಬಲ ಬರುತ್ತದಾ ಅಂತ ಅನುಮಾನ ಬರುವುದು ಸಹಜ. ಬರುತ್ತದೆ. ಮೊದಲ ಕೆಲವು ವಾರ ನಿಮ್ಮ ಬಲ ಹೆಚ್ಚುವುದು ಸ್ನಾಯು ದಪ್ಪ ಆಗಿ ಅಲ್ಲ. ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ, ಸರಿಯಾದ ಹೊತ್ತಿಗೆ ಕೆಲಸಕ್ಕೆ ಕರೆಯುವುದನ್ನು ಮೆದುಳು, ನರಗಳು ಕಲಿಯುತ್ತವೆ. ಸೈಕಲ್ ಕಲಿತ ಹಾಗೆ ಅದು. ಮೂರನೇ ವಾರದಲ್ಲಿ ಆರು ಇದ್ದದ್ದು ಹತ್ತಾಗಿರುತ್ತದೆ, ಕನ್ನಡಿಯಲ್ಲಿ ನೋಡಿದರೆ ಹಳೇ ತೋಳೇ ಕಾಣುತ್ತದೆ. ಆಗ ಕನ್ನಡಿ ನಂಬಿ ಬಿಟ್ಟುಬಿಡುವವರು ಬಹಳ. ಕಣ್ಣಿಗೆ ಕಾಣುವ ಬದಲಾವಣೆಗೆ ತಿಂಗಳುಗಳು ಬೇಕು. ಕಲಿಯುವ ಹೊತ್ತಿನಲ್ಲಿ ಸುಸ್ತಾಗಿ ಬೀಳುವ ತನಕ ಮಾಡಿದರೆ ತಪ್ಪು ಚಲನೆಯನ್ನೇ ಕಲಿತ ಹಾಗೆ ಆಗುತ್ತದೆ. ಒಂದೆರಡು ತಿಂಗಳಾದ ಮೇಲೆ ಉಳಿಕೆಯನ್ನು ಎರಡಕ್ಕೆ, ಕೆಲವೊಮ್ಮೆ ಒಂದಕ್ಕೆ ಇಳಿಸಬಹುದು. ಕಮ್ಮಿ ಭಾರದಲ್ಲೂ ಸ್ನಾಯು ಬೆಳೆಯುತ್ತದೆ, ಆದರೆ ಆಗ ಸೆಟ್ಟಿನ ಕೊನೆ ನಿಜವಾಗಲೂ ಕಷ್ಟ ಆಗಬೇಕು. ಆ ಕಷ್ಟವನ್ನು ಆಮೇಲೆ ನೋಡಿಕೊಳ್ಳೋಣ.

ಮೊದಲ ತಿಂಗಳ ಲೆಕ್ಕ ಇಷ್ಟೇ. ವಾರಕ್ಕೆ ಎರಡು ದಿನ, ನಡುವೆ ಎರಡು ದಿನವಾದರೂ ಬಿಡುವು, ಸೋಮವಾರ ಗುರುವಾರ ಅಂತ ಇಟ್ಟುಕೊಳ್ಳಿ. ಐದೂ ವ್ಯಾಯಾಮ, ಎರಡೆರಡು ಸೆಟ್. ಸೆಟ್ಟಿಗೆ ಆರರಿಂದ ಹತ್ತು. ಸೆಟ್ಟುಗಳ ನಡುವೆ ಎರಡು ನಿಮಿಷ ಸುಮ್ನೆ ಕೂತಿರಿ. ಈ ಎರಡು ನಿಮಿಷ ವ್ಯರ್ಥ ಅಂತ ಕೆಲವರಿಗೆ ಅನ್ನಿಸುತ್ತದೆ, ಬೆವರು ಬರಬೇಕು, ಏದುಸಿರು ಬರಬೇಕು ಅಂತ. ಅದು ಬೇಕಿದ್ದರೆ ಬೇರೆ ದಿನ ಓಡಿ. ಇಲ್ಲಿ ಮುಂದಿನ ಸೆಟ್ಟೂ ಗಟ್ಟಿಯಾಗಿ ಆಗಬೇಕು, ಅದಕ್ಕೆ ಬಿಡುವು ಬೇಕು. ವಾರ್ಮ್ ಅಪ್‌ಗೆ ನಾಲ್ಕೈದು ನಿಮಿಷ ಓಡಾಡಿ, ಅದೇ ವ್ಯಾಯಾಮಗಳ ಸುಲಭ ರೂಪವನ್ನು ಐದೈದು ಸಲ ಮಾಡಿದರೆ ಸಾಕು. ಎಲ್ಲ ಸೇರಿ ನಲವತ್ತು ನಿಮಿಷ. ಉಸಿರು ಕಟ್ಟಬೇಡಿ, ಅದರಲ್ಲೂ ಬಿಪಿ ಇರುವವರು. ಬಲ ಹಾಕುವಾಗ ಉಸಿರು ಬಿಡಿ, ಇಳಿಯುವಾಗ ತೆಗೆದುಕೊಳ್ಳಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಬಿಪಿ, ಇತ್ತೀಚೆಗೆ ಆದ ಆಪರೇಷನ್, ಹೀಗೆ ಏನಾದರೂ ಇದ್ದರೆ ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಈಗ ನನ್ನ ಜೇಬಿನಿಂದ ಒಂದು ವಸ್ತು ತೋರಿಸುತ್ತೇನೆ. ಇದು ನನ್ನ ಜಿಮ್. ನೋಟ್‌ಬುಕ್. ಪೆನ್ನು ಒಳಗೇ ಇದೆ. ದಿನಾಂಕ, ವ್ಯಾಯಾಮ, ಎಷ್ಟು, ಎಷ್ಟು ಉಳಿಕೆ, ಅಷ್ಟೇ ಬರೆಯುತ್ತೇನೆ. ಉದಾಹರಣೆಗೆ ಇಲ್ಲಿ: ಬ್ಯಾಗ್ ಎಳೆತ, 6 ಲೀಟರ್, 9, 8, ಉಳಿಕೆ 3. ಮುಂದಿನ ಸಲ ಇದನ್ನು ನೋಡಿ 9, 9 ಮಾಡುತ್ತೇನೆ. ಎರಡೂ ಸೆಟ್ 12 ಆದ ದಿನ ಇನ್ನೊಂದು ಬಾಟಲಿ ಸೇರಿಸಿ ಮತ್ತೆ 8ಕ್ಕೆ ಇಳಿಯುತ್ತೇನೆ.

ಇದೇನೂ ನನ್ನ ಶೋಧ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಮಂಡಿ ಆಪರೇಷನ್ ಆದ ಮೇಲೆ ಅವರಿಗೆ ಆಗಿನ ಪದ್ಧತಿಯಂತೆ ಹಗುರ ವ್ಯಾಯಾಮ ಕೊಡುತ್ತಿದ್ದರು, ಚೇತರಿಕೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಥಾಮಸ್ ಡಿಲಾರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯರು, ಅವರೇ ಭಾರ ಎತ್ತುವ ಹವ್ಯಾಸದವರು, ಇವರಿಗೆ ನಿಜವಾದ ಭಾರ ಕೊಟ್ಟು ನೋಡೋಣ ಅಂದರು. 1945ರಲ್ಲಿ ಅದರ ಬಗ್ಗೆ ಬರೆದರು. ಮೊದಲು ತುಂಬಾ ಸೆಟ್ ಮಾಡಿಸುತ್ತಿದ್ದವರು 1948ರ ಹೊತ್ತಿಗೆ ಹತ್ತರ ಮೂರು ಸೆಟ್ ಸಾಕು ಅಂದರು: ಹತ್ತು ಸಲ ಎತ್ತಬಲ್ಲ ಭಾರದ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಪೂರ್ತಿ ಭಾರ ಸುಲಭವಾದಾಗ ಹೆಚ್ಚಿಸುವುದು. ಇವತ್ತು ಜಗತ್ತಿನಲ್ಲಿ ಎಲ್ಲಿ ಹೋದರೂ "ಮೂರು ಸೆಟ್, ಹತ್ತು ಹತ್ತು" ಅನ್ನುತ್ತಾರಲ್ಲ, ಅದರ ಹಿಂದೆ ಇರುವುದು ಆ ಆಸ್ಪತ್ರೆಯ ಮಂಚಗಳು. ನೋಡಿ, ರೋಗಿಗಳಿಗಾಗಿ ಹುಟ್ಟಿದ ವಿದ್ಯೆ ಇದು. ನಾವು ಇದನ್ನು ಪೈಲ್ವಾನರದ್ದು ಅಂತ ದೂರ ಇಟ್ಟಿದ್ದೇವೆ.

ಸ್ವಲ್ಪ ಸ್ವಲ್ಪ ಹೆಚ್ಚಿಸುವುದಕ್ಕೆ ಎಲ್ಲರೂ ಹೇಳುವ ಇನ್ನೊಂದು ಕತೆ ಇದೆ, ಹಳೇ ಗ್ರೀಕ್ ಕುಸ್ತಿಪಟು ಮಿಲೋನದ್ದು. ದಿನಾ ಒಂದು ಕರುವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾಯಿತು, ಇವನೂ ಅದರ ಜೊತೆಗೇ ಬಲಶಾಲಿಯಾದ. ಚೆಂದದ ಕತೆ. ಆದರೆ ಹೊಸಬರನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ತಕರಾರು. ಕರು ಒಂದು ದಿನವೂ ಬಿಡದೆ ಬೆಳೆಯುತ್ತದೆ. ನಾವು ಹಾಗೆ ಬೆಳೆಯುವುದಿಲ್ಲ. ನಿದ್ದೆ ಕೆಟ್ಟ ವಾರ, ಆಫೀಸಿನ ಒತ್ತಡದ ವಾರ, ಜ್ವರದ ವಾರ, ಸಂಖ್ಯೆ ಹಿಂದಕ್ಕೂ ಹೋಗುತ್ತದೆ. ನನ್ನ ನೋಟ್‌ಬುಕ್‌ನಲ್ಲಿ 10 ಆದ ಮೇಲೆ 8, ಮತ್ತೆ 9, ಮತ್ತೆ 9, ಆಮೇಲೆ ಇದ್ದಕ್ಕಿದ್ದಂತೆ 12 ಇದೆ. ನಮ್ಮ ಹೋರಿ ಬಾಟಲಿಗಳದ್ದು, ಬೇಕಾದಾಗ ಎರಡು ಹೊರಗೆ ತೆಗೆಯಬಹುದು.

ಇನ್ನು ಪ್ರಶ್ನೆಗಳು. ಕೇಳಿದ ಕೆಲವನ್ನು ಬರೆಯುತ್ತೇನೆ.

ಒಬ್ಬರು ಕೇಳಿದರು, ಹೊಟ್ಟೆಯ ಬೊಜ್ಜು ಕರಗಿಸಲು ಯಾವುದು ಮಾಡಬೇಕು? ಒಂದು ಜಾಗದ ವ್ಯಾಯಾಮ ಮಾಡಿದರೆ ಆ ಜಾಗದ ಕೊಬ್ಬೇ ಕರಗುತ್ತದೆ ಅನ್ನುವುದು ನಡೆಯದ ಮಾತು. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಊಟದ ಲೆಕ್ಕ ಬೇಕು. ಬಲದ ವ್ಯಾಯಾಮ ಮಾಡುವುದರಿಂದ ತೂಕ ಇಳಿಸುವಾಗ ಸ್ನಾಯು ಉಳಿಯುತ್ತದೆ, ಅದೇ ದೊಡ್ಡ ಲಾಭ.

ಒಬ್ಬ ಹುಡುಗಿ, ಕಾಲೇಜಿನವಳಿರಬೇಕು, ತೋಳು ಗಂಡಸರ ಹಾಗೆ ಆಗಿಬಿಡುತ್ತಾ ಅಂತ ಕೇಳಿದಳು. ಸ್ನಾಯು ಬೆಳೆಸುವ ಹಾರ್ಮೋನು ಟೆಸ್ಟೋಸ್ಟಿರೋನ್ ಹೆಂಗಸರಲ್ಲಿ ಗಂಡಸರಿಗಿಂತ ಹತ್ತಾರು ಪಟ್ಟು ಕಮ್ಮಿ. ಅಲ್ಲಮ್ಮ, ಅದು ಬೇಕೇ ಬೇಕು ಅಂತ ಹತ್ತು ವರ್ಷದಿಂದ ಒದ್ದಾಡುತ್ತಿರುವ ಗಂಡಸರಿಗೇ ಆಗಿಲ್ಲ, ವಾರಕ್ಕೆ ಎರಡು ದಿನ ಬ್ಯಾಗ್ ಎತ್ತಿದರೆ ನಿನಗೆ ಗೊತ್ತಿಲ್ಲದೆ ಆಗಿಬಿಡುತ್ತಾ? ಎಲ್ಲರೂ ನಕ್ಕರು. ಅವಳೂ ನಕ್ಕಳು.

ಪ್ರೋಟೀನ್ ಪುಡಿ ಬೇಕಾ? ಪುಡಿ ಬೇಡ, ಪ್ರೋಟೀನ್ ಬೇಕು. ಸಾಮಾನ್ಯವಾಗಿ ಹೇಳುವ ಕನಿಷ್ಠ ಲೆಕ್ಕ ದೇಹದ ಒಂದು ಕೆಜಿ ತೂಕಕ್ಕೆ 0.8 ಗ್ರಾಂ. ಬಲದ ತರಬೇತಿ ಮಾಡುವವರಿಗೆ ಸುಮಾರು 1.6 ಗ್ರಾಂ ತನಕ ಲಾಭ ಕಾಣುತ್ತದೆ, ಅದರಾಚೆಗೆ ಹೆಚ್ಚೇನಿಲ್ಲ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳಿದರು. ಊಟದಲ್ಲೇ ಅಷ್ಟು ಬಂದರೆ ಡಬ್ಬಿ ಯಾಕೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟೇ.

ಮಂಡಿಯಲ್ಲಿ ಕಟಕಟ ಸದ್ದು ಬರುತ್ತೆ ಅಂದರು ಒಬ್ಬರು. ನೋವಿಲ್ಲ, ಊತವಿಲ್ಲ, ಸಿಕ್ಕಿಹಾಕಿಕೊಂಡ ಹಾಗೆ ಆಗುವುದಿಲ್ಲ ಅಂದರೆ ಸದ್ದಿಗೆ ಹೆದರಬೇಕಿಲ್ಲ. ನೋವಿದ್ದರೆ ಇಳಿಯುವ ಆಳ ಕಮ್ಮಿ ಮಾಡಿ, ಕುರ್ಚಿಯ ಮೇಲೆ ಒಂದು ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಆಗಲೂ ನೋವು ಹೋಗದಿದ್ದರೆ ತೋರಿಸಿ.

21 ದಿನ ಮಾಡಿದರೆ ರೂಢಿಯಾಗುತ್ತದಂತೆ, ನಿಜವಾ? ನನಗೆ ಆ 21ರ ಮೇಲೆ ಸ್ವಲ್ಪ ಸಿಟ್ಟಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನ ಹೊಸ ಅಭ್ಯಾಸ ಮಾಡಿಕೊಳ್ಳುವುದನ್ನು ಹಿಂಬಾಲಿಸಿ ನೋಡಿದರು. ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ವ್ಯತ್ಯಾಸ. ನೀರು ಕುಡಿಯುವ ಅಭ್ಯಾಸ ಬೇಗ ಬಂತು, ವ್ಯಾಯಾಮ ತಡ ಮಾಡಿತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಕಾಣಲಿಲ್ಲ. 22ನೇ ದಿನವೂ ಎದ್ದೇಳಲು ಬೇಜಾರಾದರೆ ಅದು ನಿಮ್ಮ ದೋಷ ಅಲ್ಲ, ಲೆಕ್ಕದ ದೋಷ.

ಕೊನೆಗೆ, ನೀರಿನ ಬಾಟಲಿ ತೆಗೆದಿದ್ದ ಹಿಂದಿನ ಸಾಲಿನವರೇ ಕೈ ಎತ್ತಿದರು. ಎರಡು ಮೂರು ವಾರ ತಪ್ಪಿಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕಾ ಅಂತ. ಬೇಡ. ಎರಡು ಮೂರು ವಾರದಲ್ಲಿ ಬಲ ಅಷ್ಟಾಗಿ ಇಳಿಯುವುದಿಲ್ಲ, ಇಳಿದದ್ದೂ ಮೊದಲ ಸಲಕ್ಕಿಂತ ಬೇಗ ವಾಪಸ್ ಬರುತ್ತದೆ. ಆದರೆ ಬಿಟ್ಟು ಬಂದ ದಿನ ಹಳೇ ಸಂಖ್ಯೆಗೆ ಹೋಗಬೇಡಿ, ಆ ಮೂರನೇ ದಿನದ ಮೆಟ್ಟಿಲು ಮತ್ತೆ ನೋಡಬೇಕಾಗುತ್ತದೆ. ಒಂದೇ ಸೆಟ್ ಮಾಡಿ, ಎರಡು ಬಾಟಲಿ ಹೊರಗೆ ತೆಗೆಯಿರಿ, ಉಳಿಕೆ ಐದು ಇರಲಿ. ನೋಟ್‌ಬುಕ್‌ನಲ್ಲಿ ಖಾಲಿ ಬಿಟ್ಟ ವಾರಗಳ ಜಾಗದಲ್ಲಿ ಕಾರಣ ಬರೆದುಬಿಡಿ. ನನ್ನದರಲ್ಲಿ ಒಂದು ಇಡೀ ಪುಟದಲ್ಲಿ "ಜ್ವರ" ಅಂತ ಇದೆ, ಇನ್ನೊಂದರಲ್ಲಿ "ಸುಮ್ನೆ" ಅಂತ. ಅದರ ಕೆಳಗೆ ಅದೇ ಪೆನ್ನಿನಲ್ಲಿ: ಕುರ್ಚಿ, 6, ಉಳಿಕೆ 5.